ಗೈಬುಸಾಬನ ಗಾಳದ ತಯಾರಿ

ಸಮುದ್ರ ನೋಡಲು ಹೊರಟವರನ್ನು ಕಂಡಿದ್ದೇನೆ. ಅದನ್ನು ಬರಿದು ಮಾಡಲು ಹೊರಟವನು ಆಲಮೇಲದ ಗೈಬುಸಾಬನೊಬ್ಬನೇ. ಮೊಮ್ಮಕ್ಕಳ ಜೊತೆ ಕಾರವಾರಕ್ಕೆ ಹೋಗುವುದು ಬೇಸಿಗೆ ರಜೆಗೆ. ಸಂಕ್ರಾಂತಿಗೇ ಪಡಸಾಲೆ ತುಂಬ ಗಾಳದ ಕೋಲು! ಗಾಳಕ್ಕೆ ಸಿಕ್ಕಿಸಲು ಜೋಳದ ಹಿಟ್ಟಂತೆ! ದಂಗಾಗಿ ನಾನು ಬಾಯಿ ತೆರೆಯುವ ಮೊದಲೇ, "ಭೀಮಾ ಹೊಳಿ ಮೀನ ಇದಕ್ಕ ಮುಗಿಬೀಳ್ತಾವ. ಸಮುದ್ರದ ಮೀನೇನ ಲಾಟಸಾಬ ಐತೇನ್ರಿ, ಮಾಸ್ತರ?" ಎಂದು ಗದರುತ್ತಾನೆ. ಮಸಾಲೆ ಅರೆಯುವ ಕಲ್ಲನ್ನೂ ಚೀಲಕ್ಕೆ ತುಂಬಿದ್ದಾನೆ. ಅದರ ಪಕ್ಕದಲ್ಲಿ ದಪ್ಪನೆಯ ಬಾವಿಹಗ್ಗ, ಉದ್ದಕ್ಕೂ ಕುಣಿಕೆಗಳು. "ಇದರಾಗ ತಿಮಿಂಗಿಲ ಹಿಡಿತಿ ಏನಪಾ?" ಎಂದು ನಕ್ಕೆ. ಅವನು ನಗಲಿಲ್ಲ. "ಮೊಮ್ಮಕ್ಕಳ ಟೊಂಕಕ್ಕ ಕಟ್ಟಾಕ್ರಿ. ಹೊಳ್ಯಾಗ ಹೋದ ನನ್ನ ತಮ್ಮನ ಹೆಣ ಆಚಿ ದಂಡಿಗಾದ್ರೂ ಸಿಕ್ತು. ಸಮುದ್ರಕ್ಕ ಆಚಿ ದಂಡೀನೇ ಇಲ್ಲಲ್ರಿ."