ಮಾವನವರು ಎತ್ತಿದ ಕೈ

ನಮ್ಮ ಮಾವನವರು ಒಂದು ಸಲ ಎಮ್ಮೆಲ್ಲೆ ಆಗಿದ್ದರು. ಎರಡನೇ ಸಲ ಜನ ಸಾಕು ಅಂದರು. ಆದರೂ ಕೊಟ್ಟೂರಿನ ನಮ್ಮ ಮನೆಯಲ್ಲಿ 'ಮಾಜಿ' ಅನ್ನುವ ಮಾತನ್ನು ಯಾರೂ ಆಡುತ್ತಿರಲಿಲ್ಲ. ಆಡಿದವರಿಗೆ ಚಹಾ ಸಿಗುತ್ತಿರಲಿಲ್ಲ.

ದಿನಾ ಸಂಜೆ ದೀಪ ಹಚ್ಚಿದ ಮೇಲೆ ಕಟ್ಟೆಯ ಮೇಲೆ ಅವರ ಸಭೆ ಕೂಡುತ್ತಿತ್ತು. ಓಣಿಯವರು ಬರೋರು, ಸೈಕಲ್ ಷಾಪಿನ ಚಾಚಾ ಅಂತೂ ತಪ್ಪಿಸುತ್ತಿರಲಿಲ್ಲ. ಬೆಂಗಳೂರಿನ ವಿಧಾನಸಭೆಯಲ್ಲಿ ಯಾವ ಮಸೂದೆಗೆ ಕೈ ಎತ್ತಿದೆ, ಯಾವುದಕ್ಕೆ ಎತ್ತಲಿಲ್ಲ ಅಂತ ಮಾವನವರು ಹೇಳುತ್ತಿದ್ದರೆ, ಒಳಗೆ ರೊಟ್ಟಿ ಬಡಿಯುತ್ತಿದ್ದ ನನಗೂ ಎಲ್ಲ ಬಾಯಿಪಾಠ ಆಗಿತ್ತು. ಅತ್ತೆಯವರದು ಒಂದೇ ಮಾತು: "ಐದು ವರ್ಷ ಅಲ್ಲಿ ಕೈ ಎತ್ತಿ ಬಂದ್ರವಾ, ಇಲ್ಲಿ ನೀರು ಕುಡಿದ ತಂಬಿಗಿ ಎತ್ತಿ ಒಳಗ ಇಡಲಿಲ್ಲ."

ಉಳುವವನಿಗೇ ಹೊಲ ಅನ್ನುವ ಕಾನೂನಿನ ಕಥೆ ಬಂದರೆ ಮಾವನವರು ಎದ್ದೇ ನಿಲ್ಲುತ್ತಿದ್ದರು. "ಬಾಜೂಕ ಕುಂತ ಮೆಂಬರು ನನ್ನ ಅಂಗಿ ಜಗ್ಗಿದ. ನಿಮ್ಮ ಹೊಲಾನೂ ಹೋಗ್ತಾವು, ಕೈ ಇಳಸ್ರಿ ಅಂದ. ಹೋದ್ರ ಹೋಗ್ಲಿ ಅಂದೆ! ಊರಾಗ ನನ್ನ ಹೊಲ ಮಾಡೋ ಗೇಣಿದಾರನ ಮಾರಿ ಕಣ್ಣ ಮುಂದ ಬಂತು. ಇನ್ನೊಂದು ಕೈನೂ ಎತ್ತಿದೆ!"

"ಹಂಗಾದ್ರ ಎರಡು ಓಟು ಬರ್ಕೊಂಡ್ರೇನ್ರಿ?" ಅಂತ ಚಾಚಾ ಕೇಳೋರು. ಮಾವನವರಿಗೆ ಅದು ಕೇಳಿಸುತ್ತಿರಲಿಲ್ಲ.

ಆ ಗೇಣಿದಾರ ನಿಜಕ್ಕೂ ಇದ್ದರು. ಉಜ್ಜಿನಿ ದಾರಿಯ ನಮ್ಮ ಎರೆ ಹೊಲವನ್ನು ಅವರ ಅಪ್ಪನ ಕಾಲದಿಂದ ಅವರೇ ಮಾಡುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಗೇಣಿ ಜೋಳ ತಂದು ಹಿತ್ತಲಲ್ಲಿ ಇಳಿಸುವುದು, ಅತ್ತೆಯವರು ಅಳೆದುಕೊಳ್ಳುವುದು, ಇಷ್ಟೇ ವ್ಯವಹಾರ. ಕಾಗದ ಪತ್ರ ಏನೂ ಇಲ್ಲ. ಆ ಗೇಣಿದಾರರು ಹೋಗಿ ಅದೇ ಕಾನೂನಿನಡಿ ಹೊಲ ತಮಗಾಗಬೇಕು ಅಂತ ಅರ್ಜಿ ಹಾಕಿದರು.

"ನನ್ನ ಹೊಲಕ್ಕ?" ಅಂದರು ಮಾವನವರು. ಕಾನೂನು ಮಾಡುವಾಗ ಅದು ಬೇರೆಯವರ ಹೊಲಕ್ಕೆ ಅಂತ ತಿಳಿದಿದ್ದರೋ ಏನೋ. ಕೂಡ್ಲಿಗಿಯಿಂದ ವಿಚಾರಣೆಗೆ ಸಾಹೇಬರು ಬಂದಾಗ 'ಗೇಣಿ ಅಲ್ಲ, ಇವನು ಕೂಲಿ ಆಳು' ಅಂದುಬಿಡುವುದು ಅಂತ ನಿಶ್ಚಯ ಮಾಡಿದರು.

ವಿಚಾರಣೆಯ ಹಿಂದಿನ ದಿನ ಗೇಣಿದಾರ ಹಿರಿಯರು ಹಿತ್ತಲ ಬಾಗಿಲಿಗೆ ಬಂದರು. "ಅವ್ವಾರ, ನನ್ನ ಕೈಯಾಗ ಒಂದು ಚೀಟಿ ಇಲ್ಲ. ಧಣೇರು ಕೂಲಿ ಅಂದ್ರ ಮುಗೀತು, ಹೊಲಾನೂ ಇಲ್ಲ, ಕೂಳೂ ಇಲ್ಲ."

ಅತ್ತೆಯವರು ಅವರಿಗೆ ರೊಟ್ಟಿ, ಮಜ್ಜಿಗೆ ಕೊಟ್ಟು ಕಳಿಸಿದರು. ಆಮೇಲೆ ನನಗೆ, "ಲಿಂಗಪೂಜಿ ಮಾಡೋ ಕೈಲೆ ಜ್ವಾಳ ಅಳಕೊಂಡೀನಿ. ಕೂಲಿ ಆಳು ನಮಗ ಜ್ವಾಳ ಕೊಡ್ತಾನೇನವಾ? ಆ ಸುಳ್ಳಿನ ರೊಟ್ಟಿ ನನ್ನ ಗಂಟಲಾಗ ಇಳ್ಯಂಗಿಲ್ಲ" ಅಂದರು.

"ಮಾವಾರಿಗೆ ಹೇಳ್ರಲ್ಲ ಅತ್ತಿ."

"ನಾ ಹೇಳಿದ್ರ ಸಿಟ್ಟಿಗೇಳ್ತಾರ. ಅವರ ಬಾಯಿಲೇ ಬರ್ಲಿ ತಗಿ. ನಾಳೆ ಚಹಾಕ್ಕ ಸಕ್ರಿ ಜಾಸ್ತಿ ಹಾಕು." ಅಷ್ಟಂದು ಬಾಯಿಗೆ ಸೆರಗು ಹಿಡಿದು ನಕ್ಕರು.

ಮರುದಿನ ಸಾಹೇಬರು, ಅವರ ಗುಮಾಸ್ತ ಬಂದರು. ಕಟ್ಟೆಯ ಮೇಲೆ ಕುರ್ಚಿ ಹಾಕಿ, ಸಕ್ಕರೆ ಜಾಸ್ತಿ ಹಾಕಿದ ಚಹಾ ಕೊಟ್ಟದ್ದಾಯಿತು. ಆ ಹಿರಿಯರು ಕೆಳಗೆ ಬೇವಿನ ಗಿಡಕ್ಕೆ ಆತು ನಿಂತಿದ್ದರು. ಚಾಚಾ ಅಂಗಡಿ ಬಿಟ್ಟು ಬಂದಿದ್ದರು. ಸಾಹೇಬರು ಫೈಲು ಬಿಚ್ಚುವ ಹೊತ್ತಿಗೆ, ಬಾಗಿಲ ಮರೆಯಿಂದ ಅತ್ತೆಯವರು ನನಗೆ ಹೇಳುವವರ ಹಾಗೆ ನಟಿಸಿ, ಕಟ್ಟೆಗೆ ಕೇಳುವಂತೆ ಅಂದರು: "ಸಾಹೇಬ್ರು ಹೊಸಬ್ರು ಕಾಣ್ತಾರವಾ. ಈ ಕಾನೂನಿಗೆ ಕೈ ಎತ್ತಿದವರು ಇವರೇ ಅಂತ ಗೊತ್ತಿಲ್ಲ ಪಾಪ."

ಸಾಹೇಬರು ಚಹಾದ ಕಪ್ಪು ಕೆಳಗಿಟ್ಟರು. "ಹೌದಾ ಸಾರ್? ನೀವೇ ಓಟು ಹಾಕಿದ್ರಾ?"

ಇಷ್ಟು ಸಾಕಾಯಿತು. ಮಾವನವರು ಎದ್ದರು. ಕೈ ಮೇಲೆ ಹೋಯಿತು. ಬಾಜೂಕಿನ ಮೆಂಬರು ಅಂಗಿ ಜಗ್ಗಿದ, ಹೋದ್ರ ಹೋಗ್ಲಿ ಅಂದದ್ದೂ ಆಯಿತು. "ನನ್ನ ಹೊಲ ಮಾಡೋ ಗೇಣಿದಾರನ ಮಾರಿ..."

ಅಲ್ಲಿಗೆ ಮಾತು ನಿಂತಿತು. ಕೈ ಮಾತ್ರ ಮೇಲೇ ಇತ್ತು.

ಸಾಹೇಬರು ಮೆಲ್ಲಗೆ ಕೇಳಿದರು: "ಗೇಣಿದಾರ ಅಂದ್ರೆ ಇವರೇನಾ ಸಾರ್?"

ನಾನು ಬಾಗಿಲ ಹಿಂದೆ 'ಕೊಟ್ಟೂರೇಶಾ' ಅಂದೆ. ಇಲ್ಲ ಅಂದರೆ ಓಣಿಯೆಲ್ಲ ಇಷ್ಟು ದಿನ ಕೇಳಿದ ಕಥೆ ಸುಳ್ಳಾಗುತ್ತದೆ. ಹೌದು ಅಂದರೆ ಎರೆ ಹೊಲ ಹೋಗುತ್ತದೆ. ಅಷ್ಟರಲ್ಲಿ ಚಾಚಾ, "ಮುಂದ ಹೇಳ್ರಿ ಮೆಂಬರ್ ಸಾಬ್, ಇನ್ನೊಂದು ಕೈ ಬಾಕಿ ಐತಿ" ಅಂದರು.

ಮಾವನವರು ಬೇವಿನ ಗಿಡದ ಕಡೆ ನೋಡಿದರು. ಆಮೇಲೆ ಇನ್ನೊಂದು ಕೈಯನ್ನೂ ಎತ್ತಿದರು. ನಮ್ಮ ಕಡೆ ಕೈ ಎತ್ತಿದ ಅಂದರೆ ಸೋತ ಅಂತಲೂ ಅರ್ಥ. ಅದು ಯಾವ ಎತ್ತುವುದೋ, ನಾನು ಕೇಳಲು ಹೋಗಲಿಲ್ಲ.

"ಇವನೇ ರೀ. ಗೇಣಿ ಮಾಡ್ಯಾನ. ಬರ್ಕೊಳ್ರಿ."

ಹೊಲ ಅವರದಾಯಿತು. ನಮಗೆ ಬಾವಿ ಇರುವ ಇನ್ನೊಂದು ಹೊಲ ಉಳಿಯಿತು, ದೇವರು ದೊಡ್ಡವನು. ಗೇಣಿ ಜೋಳ ಮೊರದಲ್ಲಿ ಕೇರಿ ಹಸನು ಮಾಡುವ ಕೆಲಸ ತಪ್ಪಿ ನನ್ನ ಸೊಂಟವೂ ಉಳಿಯಿತು. ಮಾವನವರು ಅತ್ತೆಯವರ ಜೊತೆ ಮಾತು ಬಿಟ್ಟರು. "ಚಲೋ ಆತು, ಪೂಜಿ ನಿರಾಳ ಆಕ್ಕೈತಿ" ಅಂದರು ಅತ್ತೆ.

ಒಂದು ದಿನ ತಡೆಯಲಾರದೆ ಕೇಳಿದೆ: "ಅತ್ತಿ, ಅವತ್ತು ಬೆಂಗಳೂರಾಗ ಖರೇನ ಕೈ ಎತ್ತಿದ್ರೇನು?"

"ಎಲ್ಲೀದವಾ! ಅವತ್ತು ಹೊಟ್ಟಿ ಕೆಟ್ಟು ರೂಮಿನಾಗ ಮಲಗಿದ್ರಂತ. ಊರಿಗೆ ಬಂದಾಗ ನನ್ನ ಮುಂದ ಅವರೇ ಅಂದಿದ್ರು." ಹಿಟ್ಟಿನ ಡಬ್ಬಿ ನನ್ನ ಕಡೆ ಸರಿಸಿ, "ಇರ್ಲಿ ಬಿಡು, ನಮ್ಮ ಕಟ್ಟಿ ಮ್ಯಾಗ ಎತ್ತಿದ್ದು ನಾ ನೋಡೀನಲ್ಲ" ಅಂದರು.

ಸೀತನಿ ಕಾಲಕ್ಕೆ ಆ ಹಿರಿಯರು ಎಳೆ ಜೋಳದ ತೆನೆ ಸುಟ್ಟು, ಬಿಸಿ ಬಿಸಿ ಕಾಳು ತಂದುಕೊಟ್ಟರು. ಈ ಸಲ ಮುಂಬಾಗಿಲಿಗೇ ಬಂದರು. ಕಟ್ಟೆಯ ಮೇಲೆ ಎಲ್ಲರೂ ಬೆಲ್ಲ ಕಚ್ಚಿಕೊಂಡು ತಿನ್ನುತ್ತಿದ್ದಾಗ ಮಾವನವರು ಕಥೆ ತೆಗೆದರು. ಈಗ ಅದಕ್ಕೆ ಇನ್ನೊಂದು ತುದಿ ಬೆಳೆದಿತ್ತು: "ಅಲ್ಲಿ ಎತ್ತಿದೆ, ಇಲ್ಲಿ ಕೊಟ್ಟೆ!"

ಒಳಗಿನಿಂದ ಅತ್ತೆಯವರು ಕೂಗಿದರು: "ಆತಲ್ಲ, ಬರೋವಾಗ ಆ ತಂಬಿಗಿ ಎತ್ತಿಕೊಂಡು ಬರ್ರಿ."

ಎತ್ತಿಕೊಂಡು ಬಂದರು.