ನನ್ನ ಜ್ವರದಿಂದ ದೊಡ್ಡವನಾದವನು

ಅವನು ಸೂಜಿಯನ್ನು ಬಾಯಲ್ಲಿ ಕಚ್ಚಿಕೊಂಡೇ ನಗುತ್ತಿದ್ದ. ಮೇಲಿನ ಸಾಲಿನಲ್ಲಿ ಹಲ್ಲೊಂದು ಬಿದ್ದ ಸಂದಿನಲ್ಲಿ ಸೂಜಿ ಭದ್ರವಾಗಿ ಕುಳಿತಿರುತ್ತಿತ್ತು, ದಾರ ಗದ್ದದ ಮೇಲಿಂದ ಎದೆಗೆ ಇಳಿಬಿದ್ದಿರುತ್ತಿತ್ತು. ಮಾತಾಡಿದರೂ ಬೀಳದು, ನಕ್ಕರೂ ಬೀಳದು. ಗಿರಾಕಿಗಳಿಗೆ ಅದೇ ಒಂದು ತಮಾಷೆ. ನಾನೂ ಒಮ್ಮೆ ಹಾಗೆ ಮಾಡಲು ಹೋಗಿ ತುಟಿ ಚುಚ್ಚಿಕೊಂಡೆ. ಹಲ್ಲು ಬಿದ್ದದ್ದೂ ಅವನಿಗೆ ಅನುಕೂಲವೇ ಆಗಿತ್ತು ನೋಡಿ!

ರಾಯಚೂರಿನ ಬಜಾರಿನಲ್ಲಿ ನಮ್ಮ ಉಸ್ತಾದರ ಅಂಗಡಿ. ನಿಜಾಮರ ಕಾಲ, ಕಚೇರಿಗೆ ಹೋಗುವವರು, ಮದುವೆಯಾಗುವವರು, ಎಲ್ಲರಿಗೂ ಶೇರವಾನಿ ಬೇಕು. ಉಸ್ತಾದರ ಕೈಕೆಳಗೆ ನಾವಿಬ್ಬರು ಕೆಲಸಗಾರರು. ನಾನು ಸಿಂಪಿಗರ ಮನೆಯವನು, ನನ್ನ ಅಜ್ಜ ಮುತ್ತಜ್ಜಂದಿರೆಲ್ಲ ಹೊಲಿದೇ ಉಂಡವರು. ಅವನು ಮಲ್ಲಟದ ಕಡೆಯ ಒಕ್ಕಲುತನದ ಮನೆಯವನು, ನನಗಿಂತ ಬಹಳ ತಡವಾಗಿ ಬಂದವನು. ನನ್ನನ್ನು 'ಅಣ್ಣಾರ' ಎನ್ನುತ್ತಿದ್ದ. ಆ ಮರ್ಯಾದೆಯೂ ನನಗೆ ಚುಚ್ಚುತ್ತಿತ್ತು.

ನಮ್ಮ ಕಸುಬಿನಲ್ಲಿ ಹೊಲಿಯುವವನು ನೆಲದ ಮೇಲೆ, ಕತ್ತರಿಸುವವನು ಮೇಜಿನ ಮುಂದೆ. ಬಟ್ಟೆಗೆ ಕತ್ತರಿ ಹಾಕುವವನೇ ಅಂಗಡಿಯ ದೊರೆ. ಉಸ್ತಾದರಿಗೆ ಕಣ್ಣು ಮಂಜಾಗತೊಡಗಿದಾಗ ಒಂದು ದಿನ ಹೇಳಿದರು: "ನಿಮ್ಮಿಬ್ಬರೊಳಗ ಒಬ್ಬಂಗ ಈ ಮೇಜು. ಯಾರಿಗಂತ ನಾ ಈಗ ಹೇಳಾಂಗಿಲ್ಲ." ಅವರು ಹೇಳದಿದ್ದರೂ ನನಗೆ ಗೊತ್ತಿತ್ತು. ಏಕೆಂದರೆ ಅವನು ಎಡಚ. ಕೈಹೊಲಿಗೆಗೆ ಎಡಗೈ ನಡೆಯುತ್ತದೆ. ಆದರೆ ಮದುವೆಯ ಬಟ್ಟೆಗೆ ಎಡಗೈಯಿಂದ ಕತ್ತರಿ ಹಾಕಕೂಡದೆಂದು ಉಸ್ತಾದರ ಕಟ್ಟಳೆ. ಬಿಸ್ಮಿಲ್ಲಾ ಎಂದು ಬಲಗೈಯಲ್ಲೇ ಶುರುಮಾಡಬೇಕು, ಬಲಗೈಯಲ್ಲೇ ಮುಗಿಸಬೇಕು. ಮದುವೆಯ ಶೇರವಾನಿ ಕತ್ತರಿಸಲಾರದವನಿಗೆ ಆ ಮೇಜು ಏತಕ್ಕೆ? ನಾನು ಒಳಗೊಳಗೇ ಅಲ್ಲಿ ನಿಂತೂ ಬಿಟ್ಟಿದ್ದೆ.

ಶುಕ್ರವಾರ ಮಧ್ಯಾಹ್ನ ಉಸ್ತಾದರು ಮಸೀದಿಗೆ, ನಾನು ಮನೆಗೆ ಊಟಕ್ಕೆ. ಅವನು ಕಟ್ಟಿಕೊಂಡು ಬಂದ ರೊಟ್ಟಿ ತಿಂದು ಅಂಗಡಿಯಲ್ಲೇ ಇರುತ್ತಿದ್ದ. ಒಂದು ಶುಕ್ರವಾರ ಬೇಗ ಮರಳಿದಾಗ ಅರೆತೆರೆದ ಬಾಗಿಲಿನಿಂದ ನೋಡಿದೆ. ಹಳೆಯ ಗೋಣಿತಟ್ಟು ಹಾಸಿಕೊಂಡು, ಯಾರೋ ಬಿಸಾಡಿದ ಮೊಂಡು ಕತ್ತರಿಯಿಂದ, ಬಲಗೈಯಲ್ಲಿ, ತೋಳಿನ ತಿರುವು ಕತ್ತರಿಸುತ್ತಿದ್ದ. ಸೊಟ್ಟಗಾಯಿತು. ಮತ್ತೆ ಗೆರೆ ಎಳೆದ. ಮತ್ತೆ ಸೊಟ್ಟ. ಹೆಬ್ಬೆರಳಿನ ಬುಡದಲ್ಲಿ ಚರ್ಮ ಸುಲಿದು, ಕಟ್ಟಿಕೊಂಡ ಚಿಂದಿಗೆ ರಕ್ತ ಹತ್ತಿತ್ತು. ನಾನು ಒಳಗೆ ಹೋಗಲಿಲ್ಲ. ಅಂದಿನ ಊಟ ಮೈಗೆ ಹತ್ತಲಿಲ್ಲ.

ಆಮೇಲೆ ಪ್ರತಿ ಶುಕ್ರವಾರ ಕಳ್ಳನ ಹಾಗೆ ಬಂದು ನೋಡತೊಡಗಿದೆ. ತಾಯಿಯಾದರೂ ಮಗನನ್ನು ಅಷ್ಟು ಕಣ್ಣಿಟ್ಟು ನೋಡಿರಲಾರಳು, ಹೊಟ್ಟೆಕಿಚ್ಚು ನೋಡಿಸಿತು. ಮಳೆಗಾಲ ಹೋಯಿತು, ಚಳಿ ಬಂತು. ತಿರುವು ನೆಟ್ಟಗಾಗುತ್ತಾ ಬಂದಂತೆ ನನ್ನ ನಿದ್ದೆ ಕೆಡುತ್ತಾ ಹೋಯಿತು. ಒಕ್ಕಲಿಗರ ಕೈ, ಗೋಣಿಯ ಮೇಲೆ ನಡೆದದ್ದು ರೇಷ್ಮೆಯ ಮೇಲೆ ನಡೆದೀತೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆಗ ದೇವದುರ್ಗದ ಒಬ್ಬ ಸಾಹುಕಾರರ ಮನೆಯಿಂದ ಮದುವೆಯ ಬಟ್ಟೆ ಬಂತು. ಹೈದರಾಬಾದಿನಿಂದ ತರಿಸಿದ ಜರಿಯ ಬಟ್ಟೆ, ಅಳತೆಗೆ ಸರಿಯಾಗಿ ಅಷ್ಟೇ. ಕೆಟ್ಟರೆ ಇನ್ನೊಂದಿಲ್ಲ. ಉಸ್ತಾದರು ನನ್ನ ಕಡೆ ಬೆರಳು ಮಾಡಿದರು. "ನಾಳಿ ನೀ ಹಾಕು ಕತ್ತರಿ." ನನ್ನ ಹಣೆಬರಹ ನೋಡಿ: ಮರುದಿನ ಬೆಳಿಗ್ಗೆಯೇ ಚಳಿಜ್ವರ. ಹಲ್ಲು ಕಟಕಟ ಎನ್ನುವಾಗ ಕತ್ತರಿ ಹಿಡಿಯುವುದೆಲ್ಲಿಂದ ಬಂತು? ಆದರೂ ಕಂಬಳಿ ಹೊದ್ದು ಅಂಗಡಿಗೆ ಹೋದೆ. ಮದುವೆ ಮನೆಯವರು ಬಂಡಿ ಕಟ್ಟಿಕೊಂಡು ಬಂದು ಕುಳಿತಿದ್ದರು.

"ಉಸ್ತಾದ್, ನಾ ಹಾಕ್ಲೇನ್ರಿ?" ಎಂದ ಅವನು.

"ನೀ ಎಡಚ ಇದ್ದೀಯಲ್ಲೋ ಬೇಟಾ!"

ಅವನು ಕತ್ತರಿಯನ್ನು ಬಲಗೈಗೆ ತೆಗೆದುಕೊಂಡ. ಎಲ್ಲರೂ ಬೆರಗಾದರು, ನನ್ನೊಬ್ಬನ ಹೊರತು. ಜರಿಯಲ್ಲಿ ಕತ್ತರಿ ನೀರಿನಲ್ಲಿ ಹೋದಂತೆ ಹೋಯಿತು. ಮೇಜು ಅವನದಾಯಿತು.

ಮುಂದೆ ಮಾನ್ವಿಯಲ್ಲಿ ಸ್ವಂತ ಅಂಗಡಿ ಇಟ್ಟ. ದೇವದುರ್ಗದಿಂದಲೂ ಜನ ಅವನನ್ನೇ ಹುಡುಕಿಕೊಂಡು ಬಂದರು. ನಿಜಾಮರ ಆಳ್ವಿಕೆ ಹೋಗಿ ಶೇರವಾನಿಗಳು ಪೆಟ್ಟಿಗೆ ಸೇರಿದಾಗ, ಇನ್ನು ಇವನ ಆಟ ಮುಗಿಯಿತೆಂದು ನಾನು ಹಿಗ್ಗಿದೆ. ಹೊಸ ಅಧಿಕಾರಿಗಳ ಖಾದಿ ಕೋಟುಗಳೂ ಅವನ ಬಳಿಗೇ ಹೋದವು. ನಾನು ರಾಯಚೂರಿನಲ್ಲಿ ನೆಲದ ಮೇಲೆ ಕುಳಿತು ಗುಂಡಿ ತೂರುವ ಕಾಜಾ ಹಾಕುತ್ತಲೇ ಉಳಿದೆ. ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ: "ಅವಂದೇನದ? ಎಲ್ಲಾ ನಸೀಬ. ಅವತ್ತ ನನಗ ಜ್ವರ ಬರ್ಲಿಲ್ಲ ಅಂದ್ರ ಅಂವ ಎಲ್ಲಿರ್ತಿದ್ದ?"

ಈ ಮಾತು ಅವನ ಕಿವಿಗೂ ಬಿತ್ತು. ಸಿಟ್ಟಾದರೆ ಜಗಳವಾದರೂ ಆಡಬಹುದಿತ್ತು. ಅವನು ಹಬ್ಬಕ್ಕೆ ಬಂದು ಕಾಲು ಮುಟ್ಟಿ, "ಖರೇ ಅದ ಅಣ್ಣಾರ. ನಿಮ್ಮ ಜ್ವರದ ಪುಣ್ಯದಾಗ ಉಣ್ಣಾಕತ್ತೀನಿ" ಎಂದು ಸೂಜಿ ಕಚ್ಚಿಕೊಂಡೇ ನಗುತ್ತಿದ್ದ. ತನ್ನ ಗಿರಾಕಿಗಳಿಗೆ, "ಕಾಜಾ ಹಾಕಿಸ್ಬೇಕಂದ್ರ ರಾಯಚೂರಿಗೆ ನಮ್ಮ ಅಣ್ಣಾರ ಕಡೆ ಹೋಗ್ರಿ" ಎಂದು ಹೇಳಿ ಕಳಿಸುತ್ತಿದ್ದ. ಅವನು ಕಳಿಸಿದ ಕೆಲಸದಿಂದ ನನ್ನ ಮನೆಯಲ್ಲಿ ಎಷ್ಟೋ ದಿನ ಒಲೆ ಉರಿದಿದೆ. ಅದಕ್ಕೂ ನನಗೆ ಹೊಟ್ಟೆ ಉರಿಯುತ್ತಿತ್ತು.

ಎಷ್ಟೋ ವರುಷಗಳ ಮೇಲೆ ಒಂದು ಬೇಸಿಗೆಯಲ್ಲಿ ಅವನು ವಾಂತಿಭೇದಿ ಬಂದು ಎರಡೇ ದಿನದಲ್ಲಿ ಹೋಗಿಬಿಟ್ಟ. ಸುದ್ದಿ ತಿಳಿದು ನಾನು ಮಾನ್ವಿಗೆ ಓಡಿದೆ. ಅಂಗಳದಲ್ಲಿ ಅವನ ಊರಿನ ಹಿರಿಯರೊಬ್ಬರು ಹೇಳುತ್ತಿದ್ದರು: "ಏನ್ ನಸೀಬ ಮಾಡಿದ್ದನಪಾ! ಹೊಲದಾಗ ಕುಂಟಿ ಹೊಡಿಯೋರ ಮನ್ಯಾಗ ಹುಟ್ಟಿ ದೊಡ್ಡ ದೊಡ್ಡವ್ರ ಬಟ್ಟಿ ಹೊಲಿಯೋ ಮಟ ಹೋದ. ಎಲ್ಲಾ ಕುಂತಲ್ಲೇ ಬಂತು ಅವಂಗ."

ನನ್ನ ಮೈಯೆಲ್ಲ ಉರಿದುಹೋಯಿತು. "ಕುಂತಲ್ಲೇ ಬಂತಾ? ಯಾರ್ರೀ ಹೇಳಿದ್ದು ನಿಮಗ? ಕೈ ಸುಲಿಯೋ ಮಟ ಗೋಣಿ ಕತ್ತರಿಸ್ಯಾನ ಅಂವ! ನಾ ಕಣ್ಣಾರೆ ನೋಡೀನಿ!" ಎಂದು ಕೂಗಿದೆ. ಹೆಣದ ಮುಂದೆ ಜಗಳ ತೆಗೆದ ಮುದುಕನೆಂದು ಜನ ನನ್ನನ್ನೇ ನೋಡಿದರು.

ಕಂಬಕ್ಕೆ ಒರಗಿದ್ದ ಅವನ ಹೆಂಡತಿ ತಲೆಯೆತ್ತಿದಳು. "ಹಂಗಾರ ಇಷ್ಟ ದಿನ ಊರ ತುಂಬ ನಸೀಬ, ನಸೀಬ ಅಂತಿದ್ದವ್ರು ನೀವ ಅಲ್ಲೇನ್ರಿ ಅಣ್ಣಾರ?"

ನನಗೆ ಅಳು ಬಂದುಬಿಟ್ಟಿತ್ತು. ಆದರೂ ಹೇಳಿದೆ:

"ನಾ ಅನಬಹುದವ್ವಾ, ನಾ ನೋಡೀನಿ. ನೋಡಲಾರದವ್ರು ಅನಬಾರದು."