ಅಚ್ಚಿನ ತಪ್ಪು

ಮಬ್ಬತ್ತೆ ಶನಿವಾರ ಸಂಜೆ ತೀರಿಕೊಂಡಳು. ತಮ್ಮನ ಮಂಚದ ಪಕ್ಕ ಕುರ್ಚಿಯಲ್ಲಿ ಕೂತಿದ್ದಳು, ಕೂತಲ್ಲೇ ಹೃದಯ ನಿಂತಿತು. ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ತಂಗಿಗೆ ಗೊತ್ತಾದದ್ದು ಸ್ವಲ್ಪ ಹೊತ್ತಿನ ಮೇಲೆ.

ಆ ಹೆಸರು ಮಕ್ಕಳು ಇಟ್ಟದ್ದು. ಊರ ಕೆಳಗಿನ ಸುರಂಗಗಳಲ್ಲಿ ಬದುಕುವ, ಮಾತು ಬಾರದ, ಬೆಟ್ಟದಂಥ ಮೈಯ ಪ್ರಾಣಿಯೊಂದರ ಕತೆಯನ್ನು ಅವಳು ಐದು ಪುಸ್ತಕಗಳಲ್ಲಿ ಬರೆದಿದ್ದಳು. ಪ್ರಾಣಿಯ ಹೆಸರು ಮಬ್ಬು, ಹಾಗಾಗಿ ಬರೆದವಳು ಮಬ್ಬತ್ತೆ. "ಹೆಸರಿಗೆ ತಕ್ಕ ಹಾಗೇ ಇದ್ದೀಯ ಬಿಡು" ಎಂದು ತಂಗಿ ಹಂಗಿಸುತ್ತಿದ್ದಳು. ಪುಸ್ತಕಗಳಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಹೊಟ್ಟೆಪಾಡಿಗೆ ಅವಳು ಅಚ್ಚುಕೂಟವೊಂದರಲ್ಲಿ ಪ್ರೂಫ್ ತಿದ್ದುತ್ತಿದ್ದಳು. ಔಷಧಿ ಡಬ್ಬಿಯೊಳಗಿನ ಚೀಟಿ, ಬಸ್ಸಿನ ವೇಳಾಪಟ್ಟಿ, ಶಾಲೆಯ ಪಠ್ಯ, ಯಾವುದು ಬಂದರೆ ಅದು. "ಇಲ್ಲೊಂದು ಸೊನ್ನೆ ಜಾಸ್ತಿಯಾದ್ರೆ ಯಾರೋ ಸಾಯ್ತಾರೆ. ನನ್ನ ಕತೇಲಿ ಊರಿಗೆ ಊರೇ ಸತ್ರೂ ಯಾರಿಗೂ ಏನೂ ಆಗಲ್ಲ" ಎನ್ನುತ್ತಿದ್ದಳು. ಕೆಂಪು ಪೆನ್ನಿನ ಶಾಯಿ ಅವಳ ಬೆರಳಿನಿಂದ ಹೋದದ್ದನ್ನು ಯಾರೂ ಕಂಡಿರಲಿಲ್ಲ.

ಶನಿವಾರ ಬೆಳಿಗ್ಗೆ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಮುರಿದ ಕುರ್ಚಿಗಳನ್ನು ಮೂಲೆಗೆ ತಳ್ಳಿ, ಮಕ್ಕಳ ನಡುವೆ ನೆಲದ ಮೇಲೇ ಕೂರುತ್ತಿದ್ದಳು. ಅಲ್ಲಿ ಒಂದೇ ನಿಯಮ. ಏನು ಬೇಕಾದರೂ ಕೇಳಬಹುದು, ಅವಳು ಸುಳ್ಳು ಹೇಳುವುದಿಲ್ಲ.

"ಅತ್ತೆ, ಕತೆ ಎಲ್ಲಿಂದ ಬರತ್ತೆ?"

"ಕೆಲಸ ತಪ್ಪಿಸ್ಕೊಳ್ಳೋ ಆಸೆಯಿಂದ."

"ಬರೆಯೋಕೆ ಕೂತ್ರೆ ಏನೂ ಹೊಳೆಯಲ್ಲ, ಆಗ?"

"ಬಾಗಿಲ ಹಿಂದೆ ಏನಿದೆ ಅಂತ ಅವಳಿಗೆ ಗೊತ್ತಿರಲಿಲ್ಲ, ಅಂತ ಒಂದು ಸಾಲು ಬರಿ. ಆಮೇಲೆ ಬಾಗಿಲು ತೆಗೀದೆ ಇರೋಕೆ ನಿನ್ನ ಕೈಲಿ ಆಗತ್ತಾ ನೋಡು."

"ನೀವು ಫೇಮಸ್ಸಾ ಅತ್ತೆ?"

"ಈ ಕೋಣೇಲಿ. ಆ ಹೊಸಿಲು ದಾಟಿದ್ರೆ ಇಲ್ಲ."

ಆ ಮಕ್ಕಳಲ್ಲಿ ಒಬ್ಬಳು ಮಾತುಮಾತಿಗೂ ಕೊಕ್ಕೆ ಹಾಕುವವಳು, ಉಳಿದವರು ಅವಳನ್ನು ಕೊಕ್ಕೆ ಎಂದೇ ಕರೆಯುತ್ತಿದ್ದರು. ಒಂದು ವಾರ ಅವಳು ಐದನೇ ಪುಸ್ತಕ ತೆರೆದು ಹಿಡಿದು ಎದ್ದು ನಿಂತಳು.

"ಎಲ್ಲಾ ಪುಸ್ತಕದಲ್ಲೂ ಮಬ್ಬು 'ಅದು'. ಅದು ಬಂತು, ಅದು ತಿಂತು. ಇಲ್ಲಿ ಮಾತ್ರ, ಸುರಂಗದ ಬಾಗಿಲು ಮುಚ್ಚಿದಾಗ, 'ಅವನು ಅತ್ತ' ಅಂತಿದೆ. ಮಬ್ಬು ಮೊದಲು ಮನುಷ್ಯ ಆಗಿದ್ನಾ ಅತ್ತೆ?"

"ಅಚ್ಚಿನ ತಪ್ಪು ಕಣೇ."

"ಪ್ರೂಫ್ ನೋಡೋದು ನೀವೇ ಅಲ್ವಾ?"

ಮಕ್ಕಳು ಗೊಳ್ಳೆಂದು ನಕ್ಕರು. ಅವಳೂ ನಕ್ಕಳು. "ದೀಪದ ಬುಡದಲ್ಲೇ ಕತ್ತಲೆ" ಎಂದು ಮುಂದಿನ ಪ್ರಶ್ನೆಗೆ ಕೈ ತೋರಿಸಿದಳು. ಕೊಕ್ಕೆ ಮಾತ್ರ ಕೂರುವಾಗಲೂ ಅವಳ ಮುಖವನ್ನೇ ನೋಡುತ್ತಿದ್ದಳು.

ಅದು ಅಚ್ಚಿನ ತಪ್ಪಲ್ಲ. ಅವಳ ತಮ್ಮ, ಕಟ್ಟಡಗಳಿಗೆ ವೈರಿಂಗ್ ಮಾಡುತ್ತಿದ್ದವನು, ಕೆಲಸದಲ್ಲಿರುವಾಗಲೇ ಮೇಲಿನಿಂದ ಬಿದ್ದಿದ್ದ. ಜೀವ ಉಳಿಯಿತು, ಮಾತು ಉಳಿಯಲಿಲ್ಲ. ಕಣ್ಣು ತೆರೆದಿರುತ್ತಿತ್ತು, ಬಾಯಿಗಿಟ್ಟದ್ದನ್ನು ನುಂಗುತ್ತಿದ್ದ, ಅಷ್ಟೇ. ಅಕ್ಕ ತಂಗಿ ಇಬ್ಬರೂ ಸೇರಿ ಅವನನ್ನು ತೊಳೆದು, ಒರೆಸಿ, ಮಗ್ಗುಲು ಬದಲಿಸಿ, ವರ್ಷಗಳು ಕಳೆದವು. ಎಳೆ ಮಗುವಿಗೆ 'ಅದು' ಎನ್ನುವ ಭಾಷೆ ನಮ್ಮದು. ಮೊದಲು ಆ ಮಾತು ಮುದ್ದಿನಿಂದಲೇ ಬಂದಿರಬೇಕು. "ಅದಕ್ಕೆ ಹಸಿವಾಗಿದೆ ನೋಡು." ಮುದ್ದು ಯಾವಾಗ ಸವೆದುಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ. "ಅದಕ್ಕೆ ಊಟ ಆಯ್ತಾ? ಅದರ ಹಾಸಿಗೆ ಒದ್ದೆ. ಅದನ್ನ ಎತ್ತಬೇಕು, ಕೈ ಕೊಡು ಬಾ." ಮನೆಯಲ್ಲಿ ಕಪಾಟಿಗೂ ಅದೇ ಮಾತು, ತಮ್ಮನಿಗೂ ಅದೇ ಮಾತು.

ಊರವರ ಕಾಗುಣಿತದ ತಪ್ಪುಗಳನ್ನೆಲ್ಲ ಹಿಡಿಯುತ್ತಿದ್ದವಳ ಕಿವಿಗೆ ತನ್ನ ಬಾಯಿಯ ತಪ್ಪೇ ಕೇಳಿಸಿರಲಿಲ್ಲ. ಐದನೇ ಪುಸ್ತಕವನ್ನು ಅವನ ಮಂಚದ ಪಕ್ಕದಲ್ಲೇ ಬರೆದಳು. ಪ್ರೂಫ್ ಬಂದಾಗ 'ಅವನು ಅತ್ತ' ಎಂಬುದನ್ನು ಕಂಡು ಕೆಂಪು ಪೆನ್ನು ಎತ್ತಿದಳು. ಮಂಚದ ಕಡೆ ನೋಡಿದಳು, ತಿದ್ದದೆ ಹಾಗೇ ಬಿಟ್ಟಳು. ಆದರೆ ಕೊಕ್ಕೆ ಕೇಳಿದ ಮೇಲೆ ಹೆದರಿದಳು. ಎರಡನೇ ಮುದ್ರಣಕ್ಕೆ ಪ್ರಕಾಶಕರಿಗೆ ಹೇಳಿ ತಿದ್ದಿಸಿದಳು. 'ಅದು ಅತ್ತಿತು.'

ಈ ವರ್ಷ ಅವಳ ಹೃದಯವೇ ಸೋತಿತು. ಒಂದು ಬಕೆಟ್ ನೀರು ಕೂಡ ಎತ್ತಬಾರದು ಎಂದರು ವೈದ್ಯರು. ಹೊಲಿಗೆ ಬಿಟ್ಟು ಎದ್ದು ಬಂದ ತಂಗಿ ಬಾಗಿಲಲ್ಲೇ ನಿಂತು ಹೇಳಿದಳು.

"ಅಕ್ಕಾ, ನನ್ನೊಬ್ಬಳ ಕೈಲಿ ಎತ್ತೋಕಾಗಲ್ಲ. ನಿನ್ನನ್ನೂ ಎತ್ತೋ ದಿನ ಬಂದ್ರೆ ನಾನೇನು ಮಾಡ್ಲಿ? ಅದನ್ನ ಆರೈಕೆ ಮನೆಗೆ ಬಿಡೋಣ."

"ಅವನನ್ನ ಅನ್ನು."

"ಏನು?"

"ಅವನನ್ನ ಬಿಡೋಣ ಅನ್ನು. ಆಮೇಲೆ ಬೇಕಾದ್ರೆ ಬಿಡೋಣ."

ತಂಗಿ ಬಾಯಿ ತೆರೆದಳು. ಕತ್ತಿನಲ್ಲಿ ನೇತಾಡುತ್ತಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಹಾಗಂದ್ರೆ ನನ್ನಿಂದ ಬಿಡೋಕಾಗಲ್ಲ ಅಕ್ಕಾ."

ಮಬ್ಬತ್ತೆ ಅವಳನ್ನೇ ನೋಡಿದಳು. ತಂಗಿಯ ಸೊಂಟ ಬಗ್ಗಿಹೋಗಿತ್ತು, ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಬಿಡಬೇಡ ಎನ್ನಲು ಯಾವ ಬಾಯಿ? ಭಾನುವಾರಕ್ಕೆ ಆರೈಕೆ ಮನೆಯ ವ್ಯಾನು ಗೊತ್ತುಮಾಡಿದರು.

ಹಿಂದಿನ ದಿನ, ಶನಿವಾರ, ಅವಳು ಮೆಟ್ಟಿಲುಗಳಲ್ಲಿ ಕೂತು ಕೂತು ಗ್ರಂಥಾಲಯಕ್ಕೆ ಹತ್ತಿದಳು. ಕೊಕ್ಕೆ ಹೊಸ ಮುದ್ರಣ ಹಿಡಿದು ಕಾಯುತ್ತಿದ್ದಳು.

"ತಿದ್ದಿಬಿಟ್ಟಿದ್ದೀರಿ."

"ಹೂಂ."

"ಯಾವುದು ತಪ್ಪು ಅತ್ತೆ? ಹಳೇದಾ, ಹೊಸದಾ?"

"ಹೊಸದು" ಎಂದಳು ಮಬ್ಬತ್ತೆ. "ನಿನಗೆ ಸುಳ್ಳು ಹೇಳಿದ್ದೆ."

ತಮ್ಮನ ವಿಷಯವನ್ನೆಲ್ಲ ಹೇಳಿದಳು. ಬಿದ್ದದ್ದು, ಮಂಚ, ಮನೆಯಲ್ಲಿ ಅವನನ್ನು ಏನೆನ್ನುತ್ತಾರೆ ಎಂಬುದು, ನಾಳೆಯ ವ್ಯಾನು. ಮಕ್ಕಳಿಗೆ ಹೇಳುವ ಕತೆಯ ದನಿಯಲ್ಲಲ್ಲ, ಔಷಧಿ ಚೀಟಿ ಓದಿದ ಹಾಗೆ.

"ಆರನೇ ಪುಸ್ತಕದಲ್ಲಿ ಮಬ್ಬು ಸುರಂಗದಿಂದ ಹೊರಗೆ ಬರತ್ತಲ್ವಾ?" ಹಿಂದಿನಿಂದ ಚಿಕ್ಕವನೊಬ್ಬ ಕೇಳಿದ.

"ಇಲ್ಲ ಮರಿ. ಆರನೇ ಪುಸ್ತಕ ಇಲ್ಲ. ಬರೆಯೋಷ್ಟು ಉಸಿರು ನನಗೆ ಉಳಿದಿಲ್ಲ."

ಅವನು ಅಳತೊಡಗಿದ. ಅವಳು ಸಮಾಧಾನ ಹೇಳಲಿಲ್ಲ, ಹತ್ತಿರ ಎಳೆದು ಕೂರಿಸಿಕೊಂಡಳು. ಕೊಕ್ಕೆ ಇನ್ನೂ ನಿಂತೇ ಇದ್ದಳು.

"ನಾಳೆ ಹೋಗಬೇಕು ಅಂತ ಅವರಿಗೆ ಹೇಳಿದ್ರಾ?"

"ಯಾರಿಗೆ?"

"ನಿಮ್ಮ ತಮ್ಮಂಗೆ."

ಆ ಕೋಣೆಯಲ್ಲಿ ಮಬ್ಬತ್ತೆ ಉತ್ತರ ಕೊಡದೆ ಎದ್ದುಹೋದದ್ದು ಆ ಪ್ರಶ್ನೆಯೊಂದಕ್ಕೇ.

ಮನೆಗೆ ಬಂದವಳು ಸಂಜೆಯವರೆಗೆ ಮಲಗಿದ್ದಳು. ಆಮೇಲೆ ಎದ್ದು ಪುಟ್ಟ ಬಟ್ಟಲಿನಲ್ಲಿ ಬಿಸಿನೀರು, ಸೋಪು, ರೇಜರ್ ತಂದಿಟ್ಟುಕೊಂಡಳು. "ಅಲ್ಲಿ ಮಾಡ್ತಾರೆ ಅಕ್ಕಾ, ನೀನು ಸುಮ್ಮನಿರಬಾರದಾ" ಎಂದು ತಂಗಿ ಗದರಿದಳು. ಕೇಳಿಸಿದರೂ ಕೇಳಿಸದ ಹಾಗೆ ಅವಳು ತಮ್ಮನ ಗಲ್ಲಕ್ಕೆ ನೊರೆ ಹಚ್ಚಿದಳು. ತಂಗಿ ಹೋಗಿ ಯಂತ್ರದ ಮುಂದೆ ಕೂತಳು, ಆದರೆ ತುಳಿಯಲಿಲ್ಲ. ಬಾಗಿಲು ಅರ್ಧ ತೆರೆದಿತ್ತು.

"ನಾಳೆ ನಿನ್ನನ್ನ ಬೇರೆ ಕಡೆ ಕರ್ಕೊಂಡು ಹೋಗ್ತಾರೆ" ಎಂದು ಅಕ್ಕ ಹೇಳುವುದು ಕೇಳಿಸಿತು. "ಕಳಿಸ್ತಿರೋದು ನಾವೇ. ಅವಳು ಸೋತುಹೋಗಿದ್ದಾಳೆ, ನನಗೂ ಆಗ್ತಿಲ್ಲ. ನಿನಗೆ ಸಿಟ್ಟು ಬಂದ್ರೆ ನನ್ನ ಮೇಲೆ ಬರ್ಲಿ, ಅವಳ ಮೇಲೆ ಬೇಡ."

ತಂಗಿ ಕಣ್ಣೊರೆಸಿಕೊಂಡು ಯಂತ್ರ ತುಳಿಯತೊಡಗಿದಳು, ಮುಂದಿನದು ಕೇಳಿಸದಿರಲಿ ಎಂದು. ಆದರೂ ಅಕ್ಕನ ಕೊನೆಯ ಮಾತೊಂದು ಕೇಳಿಸಿತು. ಮಬ್ಬತ್ತೆ ಒಂದು ಕೆನ್ನೆ ಮುಗಿಸಿದ್ದಳು. ರೇಜರನ್ನು ಬಟ್ಟಲಿಗೆ ಅದ್ದಿ ಕೊಡವಿ, ಅವನ ಗಲ್ಲ ಹಿಡಿದು, "ಈ ಕಡೆ ತಿರುಗೋ" ಎಂದಳು.